ಅಮ್ಮನ ತವರಿನ ನೆಲಹಂಚು

ಆಗೆಲ್ಲ ನಮ್ಮ ಕಡೆ ಒಂದು ಮನೆ ಕೆಡವಿದರೆ ಅದರ ಯಾವ ಭಾಗವನ್ನೂ ಎಸೆಯುವ ಪದ್ಧತಿ ಇರಲಿಲ್ಲ. ಬಾಗಿಲು ದನದ ಹಟ್ಟಿಗೆ ಹೋಗುತ್ತಿತ್ತು, ಕಿಟಕಿ ಬಚ್ಚಲಿಗೆ, ಮಾಡಿನ ಮರದ ಪಕ್ಕಾಸು ಪಂಪಿನ ಶೆಡ್ಡಿಗೆ. ಒಡೆದ ಹಂಚಿನ ಚೂರು ಮಕ್ಕಳ ಪಾಲಿಗೆ, ಲಗೋರಿ ಆಡಲು. ಅಂಥ ಒಂದು ಬೇಸಿಗೆ ರಜೆಯಲ್ಲಿ, ನಾನು ಐದನೇ ಕ್ಲಾಸು ಮುಗಿಸಿದ್ದಾಗ, ಈಶ್ವರಮಂಗಲದ ನನ್ನ ಅಜ್ಜನಮನೆಯನ್ನು ಕೆಡವಿದರು. ಅಮ್ಮನ ತಮ್ಮ, ನನ್ನ ಮಾವ, ಅದೇ ಜಾಗದಲ್ಲಿ ತಾರಸಿ ಮನೆ ಕಟ್ಟಲು ಹೊರಟಿದ್ದರು.

ಈಗ ಹಳೆಯ ಕೆಂಪು ನೆಲಹಂಚಿಗೆ ಬಂದಿರುವ ಮರ್ಯಾದೆ ನೋಡಿದರೆ ನನಗೆ ಮೈ ಉರಿಯುತ್ತದೆ. ಆಂಟಿಕ್ ಅನ್ನುತ್ತಾರೆ. ಕಾಫಿ ಲೋಟವನ್ನು ಅದರ ಮೇಲಿಟ್ಟು ಫೋಟೋ ತೆಗೆಯುತ್ತಾರೆ. ನಿಮ್ಮಲ್ಲಿ ಹಲವರಿಗೆ ಆ ನೆಲದ ಸಿಹಿ ನೆನಪುಗಳಿರಬಹುದು. ಬೇಸಿಗೆಯ ಮಧ್ಯಾಹ್ನ ಅಂಗಿ ಕಳಚಿ ಅದರ ಮೇಲೆ ಬೋರಲು ಮಲಗಿದ್ದು, ಕೆನ್ನೆಗೆ ತಂಪು ತಾಗಿದ್ದು, ಎದ್ದ ಮೇಲೆ ಕೆನ್ನೆಯಲ್ಲಿ ಹಂಚಿನ ಗೆರೆ ಮೂಡಿದ್ದು. ನನಗೂ ಅದೆಲ್ಲ ನೆನಪಿದೆ. ನನ್ನ ನೆನಪು ಅಲ್ಲಿಗೇ ನಿಲ್ಲುವುದಿಲ್ಲ, ಅಷ್ಟೇ.

ನಮ್ಮ ಮನೆ ಇದ್ದದ್ದು ಆಲಂಕಾರಿನ ಹತ್ತಿರ. ಅಲ್ಲಿ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಹೇಳಿದ್ದೇ ಮಾತು. ದೊಡ್ಡಮ್ಮ ಯಾವತ್ತೋ ತೀರಿಹೋಗಿದ್ದರು. ಅವರ ಮಗಳು ಜಯಕ್ಕ ಮದುವೆಯ ವಯಸ್ಸಿಗೆ ಬಂದಿದ್ದಳು. ನನ್ನ ಅಪ್ಪ ತಮ್ಮನಾಗಿ ಹುಟ್ಟಿದವರು, ಕೊನೆಯವರೆಗೂ ತಮ್ಮನಾಗಿಯೇ ಉಳಿದವರು. ಅಡುಗೆಮನೆ ಮಾತ್ರ ಅಮ್ಮನದ್ದು ಎಂದು ಎಲ್ಲರೂ ಹೇಳುತ್ತಿದ್ದರು. ಅದರ ಕೆಲಸ ಅಮ್ಮನದ್ದು ಎಂದು ಅದರ ಅರ್ಥ.

ಆ ಅಡುಗೆಮನೆಯ ನೆಲ ಮಣ್ಣಿನದ್ದು. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಒಮ್ಮೆ, ಎರಡು ಹೊತ್ತಿನ ಊಟದ ಎಲೆ ತೆಗೆದ ಮೇಲೆ ಮತ್ತೆ, ಅಮ್ಮ ಸೆಗಣಿ ನೀರು ಚಿಮುಕಿಸಿ, ಅಡಿಕೆ ಹಾಳೆಯ ತುಂಡು ಹಿಡಿದು, ಮೊಣಕಾಲೂರಿ ಸಾರಿಸುತ್ತಿದ್ದಳು. ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟು ಇರುವೆಗಳಿಗೆ ದಾರಿಯಾಗುತ್ತಿತ್ತು. ಮಳೆಗಾಲದಲ್ಲಿ ಒಣಗುವ ಮಾತೇ ಇಲ್ಲ, ಕೂತವರ ಸೀರೆಗೆ ಹಸಿರು ಕಲೆ. ಅಮ್ಮನ ಮೊಣಕಾಲಿನ ಚರ್ಮ ದಪ್ಪಗಾಗಿ ಕಪ್ಪಾಗಿತ್ತು. ರಾತ್ರಿ ಅದಕ್ಕೆ ಬಿಸಿ ಎಣ್ಣೆ ತಿಕ್ಕುವುದು ನನ್ನ ಕೆಲಸವಾಗಿತ್ತು. ಸೆಗಣಿ ಸಾರಿಸಿದ ನೆಲದ ಪರಿಮಳದ ಬಗ್ಗೆ ಈಚೆಗೆ ಯಾರೋ ಭಾಷಣದಲ್ಲಿ ಕೊಂಡಾಡಿದರು. ಸಾರಿಸಿದವರಾಗಿದ್ದರೆ ಅಷ್ಟು ಕೊಂಡಾಡುತ್ತಿರಲಿಲ್ಲ.

ಅಜ್ಜನಮನೆಯ ನೆಲ ಹಾಗಲ್ಲ. ಚೌಕ ಚೌಕದ ಕೆಂಪು ಹಂಚು, ತಲೆಮಾರುಗಳ ಕಾಲು ತಾಗಿ ನಯವಾದದ್ದು. ಮನೆಯ ಮಾಡು ಇಳಿಸಿದ ದಿನ ಅಮ್ಮ ನನ್ನನ್ನೂ ಇನ್ನೂ ತೊದಲು ಮಾತಾಡುತ್ತಿದ್ದ ತಮ್ಮನನ್ನೂ ಕರೆದುಕೊಂಡು ಅಲ್ಲಿಗೆ ಹೋಗಿದ್ದಳು. ಗೋಡೆ ಅರ್ಧ ಬಿದ್ದಿತ್ತು. ಬಿಸಿಲು ನೇರವಾಗಿ ಒಳಗಿನ ಕೋಣೆಗಳ ನೆಲದ ಮೇಲೆ ಬಿದ್ದು, ಅದು ಯಾರದೋ ಅಂಗಳದ ಹಾಗೆ ಕಾಣುತ್ತಿತ್ತು. ಅಮ್ಮ ಸುಮ್ಮನೆ ನಿಂತು ನೋಡುತ್ತಿದ್ದಳು.

ಮಾವ ಬಂದು ಹೇಳಿದರು, "ಅಕ್ಕ, ಇದು ಇನ್ನು ನನಗೆ ಎಂತಕ್ಕೆ? ನಾನು ಮೊಸಾಯಿಕ್ ಹಾಕುದು. ನಿನಗೆ ಬೇಕಾದರೆ ಕೊಂಡು ಹೋಗು."

"ಎಷ್ಟು?" ಎಂದಳು ಅಮ್ಮ.

"ಎಷ್ಟು ಅಂದರೆ ಎಂತ? ಪೂರಾ ತಕ್ಕೊ. ಎಬ್ಬಿಸ್ಲಿಕ್ಕೆ ಜನ ಉಂಟು. ಗಾರೆ ಕೆರಸುದು ಮಾತ್ರ ನಿನ್ನ ಕೆಲಸ."

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮದುವೆಯಾದ ಮೇಲೆ ತವರಿನಿಂದ ಅವಳಿಗೆ ಸಿಕ್ಕಿದ ಪಾಲು ಎಂದರೆ ಅದೊಂದೇ. ಅವಳು ಬೇರೇನನ್ನೂ ಕೇಳಿದವಳೂ ಅಲ್ಲ.

ರಜೆಯ ಬಹುಪಾಲು ನಾವು ಮಾವನವರ ಜೊತೆ ಅಲ್ಲೇ, ತೋಟದ ಬಿಡಾರದಲ್ಲಿ, ಉಳಿದೆವು. ಆಳುಗಳು ಹಾರೆಯ ತುದಿಯನ್ನು ಹಂಚಿನ ಅಡಿಗೆ ಕೊಟ್ಟು ಮೆಲ್ಲನೆ ಮೀಟುತ್ತಿದ್ದರು. ಬೆನ್ನಿಗೆ ಸುಣ್ಣದ ಗಾರೆ ಅಂಟಿಸಿಕೊಂಡು ಹಂಚು ಮೇಲೆ ಬರುತ್ತಿತ್ತು. ಬಾವಿಕಟ್ಟೆಯ ಬದಿಯ ತೊಟ್ಟಿಯಲ್ಲಿ ಅದನ್ನು ನೆನೆಹಾಕುವುದು, ಗಾರೆ ಮೆತ್ತಗಾದ ಮೇಲೆ ಹಲಸಿನ ಮರದ ಬುಡದಲ್ಲಿ ಕೂತು ಹಳೆಯ ಕತ್ತಿಯಿಂದ ಕೆರಸುವುದು, ಕೊನೆಗೆ ತೆಂಗಿನ ಸಿಪ್ಪೆಯಿಂದ ತಿಕ್ಕಿ ತೊಳೆಯುವುದು. ಬಿಸಿಲಿಗೆ ಕಾದ ಹಂಚನ್ನು ನೀರಿಗೆ ಇಳಿಸಿದಾಗ ಅದು ಸಣ್ಣ ಸದ್ದು ಮಾಡಿ ನೀರು ಕುಡಿಯುತ್ತಿತ್ತು, ಮೊದಲ ಮಳೆಯ ವಾಸನೆ ಏಳುತ್ತಿತ್ತು. ಆ ವಾಸನೆಗಾಗಿ ನಾನು ತೊಟ್ಟಿಯ ಬದಿ ಬಿಟ್ಟು ಕದಲುತ್ತಿರಲಿಲ್ಲ. ನಮ್ಮ ಅಂಗಿಯೆಲ್ಲ ಕೆಂಪು, ಕಿವಿಯ ಒಳಗೂ ಕೆಂಪು.

ಒಂದೊಂದು ಹಂಚನ್ನೂ ಅಮ್ಮ ಕಿವಿಯ ಹತ್ತಿರ ಹಿಡಿದು ಬೆರಳಿನ ಗೆಣ್ಣಿನಿಂದ ತಟ್ಟುತ್ತಿದ್ದಳು. ಗಂಟೆಯ ಹಾಗೆ ಸದ್ದು ಬಂದರೆ ಒಳ್ಳೆಯದು. ದಬ್ ಅಂದರೆ ಒಳಗೆ ಬಿರುಕು ಉಂಟು ಎಂದು ಅರ್ಥ. ಬಿರುಕಿನದ್ದು ನಮ್ಮ ಲಗೋರಿಗೆ. ಆಟದ ಆಸೆಗೆ ನಾನು ಒಳ್ಳೆಯದನ್ನೂ ದಬ್ ಎಂದು ಹೇಳಿ ನೋಡಿದೆ. "ನಿನ್ನ ತಲೆಗೆ ತಟ್ಟಿದರೂ ಹಾಗೆಯೇ ಕೇಳುದು" ಎಂದು ಅಮ್ಮ ನಕ್ಕಳು. ಅಮ್ಮ ಅಷ್ಟು ನಕ್ಕದ್ದನ್ನು ನಾನು ನಮ್ಮ ಮನೆಯಲ್ಲಿ ಕಂಡಿರಲಿಲ್ಲ.

ಸುಣ್ಣ ತಾಗಿ ತಾಗಿ ಅವಳ ಬೆರಳ ತುದಿಗಳು ಒಡೆದವು. ಮಧ್ಯಾಹ್ನ ಕಾಟುಮಾವಿನ ಗೊಜ್ಜಿಗೆ ಅನ್ನ ಕಲಸಲು ಹೋಗಿ ಕೈ ಹಿಂದೆಗೆದಳು. ಹುಳಿ ಗಾಯಕ್ಕೆ ಇಳಿದಿತ್ತು. ಅತ್ತೆ ಒಂದು ಚಮಚ ತಂದುಕೊಟ್ಟರು. ಅಮ್ಮ ಚಮಚದಲ್ಲಿ ಊಟ ಮಾಡಿದ್ದು ನಾನು ಅದೇ ಮೊದಲು ನೋಡಿದ್ದು. ಸಂಜೆಗೆ ಬಾಳೆಲೆಯಲ್ಲಿ ಬೇಯಿಸಿದ ಹಲಸಿನಹಣ್ಣಿನ ಗಟ್ಟಿ, ಪುನರ್ಪುಳಿ ಶರಬತ್ತು. ಆಯಿತೆಂದರೆ ಅಮ್ಮ ಮತ್ತೆ ಹಂಚಿನ ರಾಶಿಯ ಹತ್ತಿರ.

ಅದರಲ್ಲೊಂದು ಹಂಚಿನ ಮೇಲೆ ಬೆಕ್ಕಿನ ಹೆಜ್ಜೆ ಇತ್ತು. ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚು ಒಣಗಲು ಇಟ್ಟಾಗ ಯಾವುದೋ ಬೆಕ್ಕು ದಾಟಿಹೋಗಿತ್ತು. ಹೆಜ್ಜೆ ಹಾಗೇ ಸುಟ್ಟು ಗಟ್ಟಿಯಾಗಿತ್ತು. ಅಮ್ಮ ಅದನ್ನು ತೊಳೆದು ಬೇರೆಯೇ ಇಟ್ಟಳು.

"ಇದು ಕಿಟಕಿಯ ಬುಡದಲ್ಲಿ ಇದ್ದದ್ದು. ಇದರ ಗುಳಿಯಲ್ಲಿ ಕಾಲಿನ ಹೆಬ್ಬೆರಳು ಇಟ್ಟುಕೊಂಡು ನಾನು ಮಗ್ಗಿ ಬಾಯಿಪಾಠ ಮಾಡುದು" ಎಂದಳು. ಹಾಗೆಯೇ ಮರದ ಬುಡದ ಹೊಯ್ಗೆಯಲ್ಲಿ ಬೆರಳಿನಿಂದ ನಮ್ಮ ಅಡುಗೆಮನೆಯನ್ನು ಬರೆದಳು. "ಇಲ್ಲಿ ಒಲೆ. ಇಲ್ಲಿ ನಾನು ತರಕಾರಿ ಹೆಚ್ಚಲಿಕ್ಕೆ ಮೆಟ್ಟುಕತ್ತಿ ಇಟ್ಟು ಕೂತುಕೊಳ್ಳುದು. ಈ ಬೆಕ್ಕು ನನ್ನ ಕಾಲ ಬುಡದಲ್ಲಿ ಇರಲಿ. ಇನ್ನು ಸೆಗಣಿ ಬೇಡ, ಒಂದು ಒದ್ದೆ ಬಟ್ಟೆ ಸಾಕು. ಬೇಸಿಗೆಯಲ್ಲಿ ಇದು ಎಷ್ಟು ತಂಪು ಅಂತ ಗೊತ್ತುಂಟಾ ನಿನಗೆ? ಊಟ ಆದ ಮೇಲೆ ಅಲ್ಲೇ ಮಲಗುದು ನಾನು."

ಜೀಪಿನಲ್ಲಿ ಹಂಚುಗಳ ನಡುವೆ ಬೈಹುಲ್ಲು ಇಟ್ಟು ತುಂಬಿಸಿ, ಪುತ್ತೂರಿನ ಮೇಲಾಗಿ ಮನೆಗೆ ಬಂದೆವು. ಬೆಕ್ಕಿನ ಹಂಚು ದಾರಿಯುದ್ದಕ್ಕೂ ಅಮ್ಮನ ಮಡಿಲಲ್ಲಿತ್ತು; ತಮ್ಮ ನನ್ನ ಮಡಿಲಲ್ಲಿದ್ದ.

ದೊಡ್ಡಪ್ಪ ಅಂಗಳಕ್ಕೆ ಬಂದು, ಪೇರಿಸಿದ ಹಂಚನ್ನು ಕೋಲಿನಿಂದ ತಟ್ಟಿ ನೋಡಿದರು. ತಮ್ಮನ ಹೆಂಡತಿಯ ಜೊತೆ ಅವರು ನೇರವಾಗಿ ಮಾತಾಡುತ್ತಿರಲಿಲ್ಲ. ಹೇಳಬೇಕಾದದ್ದನ್ನು ಅಪ್ಪನಿಗೆ ಹೇಳುವುದು, ಅಪ್ಪ ಇಲ್ಲದಿದ್ದರೆ ಕಂಬಕ್ಕೆ ಹೇಳುವುದು. ಅಮ್ಮ ಕೇಳಿಸಿಕೊಳ್ಳಬೇಕು.

"ಇದನ್ನು ಎಲ್ಲಿಗೆ ಹಾಕುದಂತೆ?" ಎಂದು ಅಪ್ಪನನ್ನು ಕೇಳಿದರು.

"ಅಡುಗೆಮನೆಗೆ ಅಂತ ತಂದದ್ದು" ಎಂದರು ಅಪ್ಪ.

"ಅಡುಗೆಮನೆಗೆ ಹೇಗೆ ಹಾಕುದು? ಮಡಿಯ ಜಾಗ ಅದು. ಇದರ ಮೇಲೆ ಹೆಣ ಮಲಗಿಸಿದ್ದಾರೆ."

ಬಾಗಿಲ ಹಿಂದಿನಿಂದ ಅಮ್ಮ ಹೇಳಿದಳು, "ಭಾವ, ಅಲ್ಲಿ ಮಲಗಿದ್ದು ನನ್ನ ಅಮ್ಮ."

ಅಮ್ಮ ಅವರಿಗೆ ನೇರವಾಗಿ ಹೇಳಿದ ಮೊದಲ ಮಾತು ಅದೇ ಇರಬೇಕು.

ದೊಡ್ಡಪ್ಪ ಅಪ್ಪನ ಮುಖವನ್ನೇ ನೋಡಿ ಹೇಳಿದರು, "ಯಾರಾದರೆ ಎಂತ? ಹೆಣ ಅಂದರೆ ಹೆಣ."

"ನಮ್ಮ ಚಾವಡಿಯಲ್ಲಿಯೂ ಮಾವನನ್ನು ಮಲಗಿಸಿದ್ದಲ್ವಾ?" ಎಂದಳು ಅಮ್ಮ. ತನ್ನ ಮಾವನ, ಎಂದರೆ ದೊಡ್ಡಪ್ಪನ ತಂದೆಯ, ಸಾವಿನ ಮಾತು ಅದು.

"ಸೆಗಣಿ ನೆಲ ಬೇರೆ. ಸಾರಿಸಿದ ಕೂಡಲೇ ಅದು ಹೊಸ ನೆಲ. ಹಂಚು ಹಾಗಲ್ಲ. ಎಂತ ಬಿದ್ದರೂ ಕುಡಿದು ಒಳಗೆ ಇಟ್ಟುಕೊಳ್ತದೆ" ಎಂದು ದೊಡ್ಡಪ್ಪ ಅಪ್ಪನಿಗೆ ತಿಳಿಸಿಕೊಟ್ಟರು. ಮತ್ತೆ, "ಚಾವಡಿಗೆ ಹಾಕಲಿ, ಅಡ್ಡಿಯಿಲ್ಲ. ಪುಣ್ಯಾಹ ಮಾಡಿಸಿದರೆ ಆಯ್ತು. ಅದು ನಾಲ್ಕು ಜನ ಬಂದುಹೋಗುವ ಜಾಗ. ಜಯನನ್ನು ನೋಡ್ಲಿಕ್ಕೆ ಬರುವವರೂ ಇದ್ದಾರೆ" ಎಂದರು.

ನನಗೆ ಆಗಲೇ ಅನಿಸಿತ್ತು, ಪುಣ್ಯಾಹದಿಂದ ಚಾವಡಿಯಲ್ಲಿ ಹೋಗುವ ಮೈಲಿಗೆ ಅಡುಗೆಮನೆಯಲ್ಲಿ ಯಾಕೆ ಹೋಗುವುದಿಲ್ಲ? ಕೇಳಲು ನನಗೆ ಧೈರ್ಯವಿರಲಿಲ್ಲ. ಕೇಳಬೇಕಾದ ಅಪ್ಪ ಹಣೆ ತುರಿಸಿಕೊಂಡು, "ಅಣ್ಣ ಹೇಳುದರಲ್ಲಿಯೂ ಅರ್ಥ ಉಂಟು" ಎಂದರು. ಅಪ್ಪ ಒಳ್ಳೆಯವರು ಎಂದು ಊರೇ ಹೇಳುತ್ತಿತ್ತು. ಅವರ ಒಳ್ಳೆಯತನ ಅಮ್ಮನಿಗೆ ಉಪಯೋಗಕ್ಕೆ ಬಂದ ಒಂದು ಸಂದರ್ಭವೂ ನನಗೆ ನೆನಪಿಗೆ ಬರುವುದಿಲ್ಲ.

ಬಾಬು ಮೇಸ್ತ್ರಿ ಬಂದರು. ಚಾವಡಿಯ ಮಣ್ಣಿನ ನೆಲ ಅಗೆದು, ಹೊಯ್ಗೆ ಹಾಸಿ, ಸುಣ್ಣದ ಗಾರೆಯ ಮೇಲೆ ನೂಲು ಹಿಡಿದು ಹಂಚು ಕೂರಿಸಿದರು. ಪ್ರತಿ ಹಂಚನ್ನೂ ಮತ್ತೆ ನೀರಿನಲ್ಲಿ ಮುಳುಗಿಸಿ ತೆಗೆಯಬೇಕಿತ್ತು. ಅದೇ ವಾಸನೆ ಏಳುತ್ತಿತ್ತು. ನಾನು ಈ ಸಲ ತೊಟ್ಟಿಯ ಹತ್ತಿರ ಹೋಗಲಿಲ್ಲ. ಬೆಕ್ಕಿನ ಹಂಚು ಕೈಗೆ ಬಂದಾಗ ಮೇಸ್ತ್ರಿ ಒಳಗೆ ಇಣುಕಿ, "ಅಮ್ಮಾ, ಇದು ಎಲ್ಲಿಗೆ?" ಎಂದು ಕೇಳಿದರು.

"ಅಲ್ಲಿಯೇ ಕೇಳಿ" ಎಂದಳು ಅಮ್ಮ.

ಮೇಸ್ತ್ರಿ ದೊಡ್ಡಪ್ಪನನ್ನು ಕೇಳಿದರು. "ಒಳ್ಳೆ ಹಂಚಿನ ನಡುವೆ ಅದೆಂತದು ಪ್ರಾಣಿಯ ಕಾಲು. ಮೂಲೆಗೆ ಹಾಕು, ಮೇಲೆ ಆರಾಮ ಕುರ್ಚಿ ಬರ್ತದೆ" ಎಂದರು ದೊಡ್ಡಪ್ಪ. ಹಾಗೆ ಅಮ್ಮನ ಮಗ್ಗಿಯ ಬೆಕ್ಕು ದೊಡ್ಡಪ್ಪನ ಕುರ್ಚಿಯ ಅಡಿ ಸೇರಿತು. ಮಿಕ್ಕ ಹಂಚು ಜಗಲಿಗೆ ಹೋಯಿತು. ಒಲೆಯ ಬುಡಕ್ಕೆ ಎಂದು ಒಂದು ತುಂಡೂ ಒಳಗೆ ಬರಲಿಲ್ಲ.

ನೆಲ ಒಣಗಿದ ಮೇಲೆ ಅದಕ್ಕೆ ತೆಂಗಿನೆಣ್ಣೆ ಉಜ್ಜಿ ಹೊಳಪು ತರಬೇಕು. ಆ ಕೆಲಸ ಅಮ್ಮನ ಪಾಲಿಗೆ ಬಂತು. ಆಗ ಮಡಿ ಮೈಲಿಗೆ ಯಾರಿಗೂ ನೆನಪಾಗಲಿಲ್ಲ. ಅಡುಗೆಮನೆಯ ನೆಲ ಸಾರಿಸಿ ಬಂದು, ಅದೇ ಮೊಣಕಾಲಲ್ಲಿ ಚಾವಡಿಯ ಮೂಲೆಯಿಂದ ಮೂಲೆಗೆ ಅವಳು ಎಣ್ಣೆ ಉಜ್ಜಿದಳು. ನಾನೂ ಒಂದು ಬಟ್ಟೆ ತುಂಡು ಹಿಡಿದು ಅವಳ ಹಿಂದೆ ಉಜ್ಜಿದೆ. ನೆಲ ದಾಸವಾಳದ ಹೂವಿನ ಹಾಗೆ ಕೆಂಪಾಯಿತು.

ಜಯಕ್ಕನನ್ನು ನೋಡಲು ಸುಳ್ಯದಿಂದ ಗಂಡಿನ ಕಡೆಯವರು ಬಂದರು. ಜಮಖಾನೆಯ ಮೇಲೆ ಕೂತ ಹಿರಿಯರೊಬ್ಬರು ಪಕ್ಕದ ಹಂಚಿನ ಮೇಲೆ ಅಂಗೈ ಇಟ್ಟು, "ಎಂಥ ಚಂದದ ನೆಲ ಮಾರಾಯ್ರೆ. ಈಗ ಇಂಥದ್ದು ಸಿಕ್ಕುದಿಲ್ಲ. ಎಲ್ಲಿಂದ ತಂದದ್ದು?" ಎಂದು ಕೇಳಿದರು.

"ಮಂಗಳೂರಿಂದ ತರಿಸಿದ್ದು" ಎಂದರು ದೊಡ್ಡಪ್ಪ.

ಅಪ್ಪ ಪಕ್ಕದಲ್ಲೇ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ತಲೆ ಎತ್ತಲಿಲ್ಲ. ಅಮ್ಮ ಕಾಫಿಯ ತಟ್ಟೆ ಹಿಡಿದು ಬಾಗಿಲ ಹಿಂದೆ ನಿಂತಿದ್ದಳು. ತಟ್ಟೆಯನ್ನು ನನ್ನ ಕೈಗೆ ಕೊಟ್ಟು, "ನೀನೇ ಕೊಡು" ಎಂದು ಒಳಗೆ ನಡೆದಳು.

ಅವರೆಲ್ಲ ಹೋದ ಮೇಲೆ ಅಡುಗೆಮನೆಗೆ ಹೋದೆ. ಅಮ್ಮ ಎಂಜಲೆಲೆ ತೆಗೆದ ಜಾಗಕ್ಕೆ ಸೆಗಣಿ ಸಾರಿಸುತ್ತಿದ್ದಳು.

"ಅಮ್ಮ, ದೊಡ್ಡಪ್ಪ ಸುಳ್ಳು ಹೇಳಿದ್ದಲ್ವಾ?"

"ಹೌದು."

"ಮತ್ತೆ ನೀನು ಯಾಕೆ ಹೇಳಲಿಲ್ಲ?"

"ಬಾಲ್ದಿಗೆ ನೀರು ತಾ" ಎಂದಳು. ನಾನು ನೀರು ತಂದುಕೊಟ್ಟೆ. ಆ ವಿಷಯವನ್ನು ಅವಳು ಮತ್ತೆ ಎತ್ತಲಿಲ್ಲ, ನನಗೂ ಎತ್ತಲು ಬಿಡಲಿಲ್ಲ.

ಆ ನೆಲದ ಸುಖವನ್ನು ಉಂಡವರು ಗಂಡಸರು. ಮಧ್ಯಾಹ್ನ ಊಟ ಮುಗಿಸಿ ಬರಿಮೈಯಲ್ಲಿ ಅದರ ಮೇಲೆ ಮೈಚಾಚಿ, "ಹಾ, ಎಂಥ ತಂಪು" ಎಂದು ಗೊರಕೆ ಹೊಡೆಯುತ್ತಿದ್ದರು. ಮಕ್ಕಳಾದ ನಾವೂ ಮಲಗಿದೆವು; ತಂಪಿಗೆ ಸಿಟ್ಟು ಗೊತ್ತಾಗುವುದಿಲ್ಲ. ಆದರೆ ಚಾವಡಿಯಲ್ಲಿ ಹೆಂಗಸರು ಮಲಗುವ ಪದ್ಧತಿ ನಮ್ಮಲ್ಲಿರಲಿಲ್ಲ. ತನ್ನ ತಾಯಿ ಕೊನೆಗೆ ಮಲಗಿದ ಹಂಚಿನ ಮೇಲೆ ಅಮ್ಮ ಒಂದು ಮಧ್ಯಾಹ್ನವೂ ಬೆನ್ನು ಊರಲಿಲ್ಲ. ಉಗ್ರಾಣದ ಕತ್ತಲೆಯಲ್ಲಿ, ಚಾಪೆಯ ಮೇಲೆ, ತೆಂಗಿನಕಾಯಿಯ ರಾಶಿಯ ಪಕ್ಕ ಅವಳ ನಿದ್ದೆ.

ವರ್ಷಗಳು ಹೋದವು. ದೊಡ್ಡಪ್ಪ ಹೋದರು, ಆಮೇಲೆ ಅಪ್ಪ. ಮನೆ ತಮ್ಮನದ್ದಾಯಿತು. ಅವನು ಅಡುಗೆಮನೆಗೆ ಹೊಳೆಯುವ ಬಿಳಿ ಟೈಲ್ಸ್ ಹಾಕಿಸಿದ. ಅಷ್ಟರಲ್ಲಿ ಅಮ್ಮನಿಗೆ ನೆಲದಲ್ಲಿ ಕೂತರೆ ಏಳಲು ಆಗುತ್ತಿರಲಿಲ್ಲ. ಮೊಣಕಾಲು ಸವೆದುಹೋಗಿತ್ತು, ಮೇಲಿಂದ ಸಕ್ಕರೆ ಕಾಯಿಲೆ. ಈಗ ಅವಳು ಪುತ್ತೂರಿನಲ್ಲಿ ನನ್ನ ಜೊತೆ ಇದ್ದಾಳೆ, ಡಾಕ್ಟರರ ಹತ್ತಿರ ಹೋಗಲು ಸುಲಭ ಎಂದು. ಪಾದದಲ್ಲಿ ಸ್ಪರ್ಶ ಹೊರಟುಹೋಗಿದೆ. ಒಮ್ಮೆ ಕಾಲಿಗೆ ಗಾಜು ಹೊಕ್ಕದ್ದು ಅವಳಿಗೆ ಗೊತ್ತೇ ಆಗಲಿಲ್ಲ; ನೆಲದ ಮೇಲಿನ ರಕ್ತ ನೋಡಿ ನಾನು ಕಿರುಚಿದೆ. ಅಂದಿನಿಂದ ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿಯೇ ನಡೆಯಬೇಕೆಂದು ಡಾಕ್ಟರರ ಕಟ್ಟಪ್ಪಣೆ.

ಕಳೆದ ಬೇಸಿಗೆಯಲ್ಲಿ ತಮ್ಮ ಫೋನು ಮಾಡಿದ. ಚಾವಡಿಗೆ ಗ್ರಾನೈಟ್ ಹಾಕಿಸುತ್ತಿದ್ದಾನೆ. "ಹಳೆ ಹಂಚಿಗೆ ಈಗ ಎಂಥ ಡಿಮ್ಯಾಂಡ್ ಗೊತ್ತುಂಟಾ ಅಕ್ಕ? ಗುಂಡ್ಯದ ಹತ್ತಿರ ಒಂದು ರಿಸಾರ್ಟಿನವರು ಕೇಳಿದ್ದಾರೆ. ಅವರ ಅಡುಗೆಮನೆಗಂತೆ. ಬಂದವರೆಲ್ಲ ಕೂತು ನೋಡುವ ಹಾಗೆ ಮಾಡ್ತಾರಂತೆ."

"ಅದು ಅಮ್ಮನದ್ದು" ಎಂದೆ ನಾನು.

"ಅಮ್ಮನದ್ದಾ? ದೊಡ್ಡಪ್ಪ ಮಂಗಳೂರಿಂದ ತರಿಸಿದ್ದಲ್ವಾ?"

ಅವನನ್ನು ಬೈಯುವ ಹಾಗಿರಲಿಲ್ಲ. ಜೀಪಿನಲ್ಲಿ ನನ್ನ ಮಡಿಲಲ್ಲಿ ಮಲಗಿದ್ದ ಕೂಸು ಅವನು. ದೊಡ್ಡಪ್ಪ ಹೋದರೂ ಅವರ ಸುಳ್ಳು ಮನೆಯಲ್ಲೇ ಉಳಿದು ನಿಜವಾಗಿಬಿಟ್ಟಿತ್ತು. ನಾನು ಎಲ್ಲವನ್ನೂ ಹೇಳಿದೆ. "ನನಗೆ ಯಾರೂ ಹೇಳಲಿಲ್ಲ ಅಕ್ಕ. ಬೇಕಾದಷ್ಟು ಕೊಂಡು ಹೋಗು" ಎಂದ.

ನನ್ನ ಅಡುಗೆಮನೆಗೆ ಬೇಕಾದಷ್ಟು ತಂದೆ, ಕುರ್ಚಿಯ ಮೂಲೆಯದ್ದನ್ನು ಮೊದಲು ಎಬ್ಬಿಸಿ. ಮನೆಯ ಹಿಂದೆ ಕೂತು ಗಾರೆ ಕೆರಸಿದೆ. ಅಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ನಾನು ತಟ್ಟುವ ಸದ್ದು ಕೇಳಿ, "ಅದು ಬೇಡ, ಒಳಗೆ ಬಿರುಕು ಉಂಟು" ಎನ್ನುತ್ತಿದ್ದಳು. ಕಿವಿ ಚುರುಕಾಗಿಯೇ ಇದೆ. ಹಂಚು ನೀರು ಕುಡಿಯುವಾಗಿನ ವಾಸನೆಗೆ ಮೂಗನ್ನೂ ಅರಳಿಸಿದಳು.

ಬಾಲ್ಯ ಹೋಯಿತು, ಹಳೆಯ ಮನೆಗಳು ಹೋದವು ಎಂದು ಕಣ್ಣೀರು ಹಾಕುವವರು ತುಂಬ ಜನ ಇದ್ದಾರೆ. ನನಗೆ ಅಜ್ಜನಮನೆ ಬಿದ್ದುಹೋದದ್ದರ ದುಃಖವಿಲ್ಲ. ಮನೆ ಎಂದ ಮೇಲೆ ಒಂದು ದಿನ ಬೀಳುತ್ತದೆ. ಎಬ್ಬಿಸಿ ತಂದ ನೆಲವನ್ನು ಎಷ್ಟು ಹಳೆಯದಾದರೂ ಮತ್ತೆ ಹಾಸಬಹುದು. ಅದರ ಮೇಲೆ ಓಡಾಡಬೇಕಿದ್ದ ಕಾಲನ್ನು ಎಲ್ಲಿಂದ ತರುವುದು? ಅಮ್ಮನ ಬದುಕಿನಿಂದ ಹೋದದ್ದು ಅದು, ಅದನ್ನು ಕಳೆದವರು ನಮ್ಮ ಮನೆಯವರೇ.

ಕೆಲಸ ಮುಗಿದು ನೆಲ ಒಣಗಿದ ದಿನ ಅಮ್ಮನನ್ನು ಕರೆದೆ. ಗೋಡೆ ಹಿಡಿದುಕೊಂಡು ಬಂದಳು. ಬೆಕ್ಕಿನ ಹಂಚನ್ನು ಒಲೆಯ ಕಟ್ಟೆಯ ಬುಡದಲ್ಲಿ, ಹಿಂದೆ ಹೊಯ್ಗೆಯಲ್ಲಿ ಅವಳು ತೋರಿಸಿದ್ದ ಹಾಗೆಯೇ ಹಾಕಿಸಿದ್ದೆ. ಅವಳು ಅದನ್ನು ಕಣ್ಣಿನಿಂದ ಹುಡುಕಿ, ನನ್ನ ಹೆಗಲು ಹಿಡಿದು, ಒಂದು ಕಾಲಿನ ಚಪ್ಪಲಿ ಕಳಚಿದಳು. ಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ. ಹೆಬ್ಬೆರಳನ್ನು ಬೆಕ್ಕಿನ ಹೆಜ್ಜೆಯ ಗುಳಿಯಲ್ಲಿ ಇಟ್ಟು, ನೋಡುತ್ತಾ ನಿಂತಳು.

"ತಂಪು ಉಂಟಾ?" ಎಂದು ನನ್ನನ್ನು ಕೇಳಿದಳು.

ನಾನು ಬಗ್ಗಿ ಅವಳ ಪಾದದ ಪಕ್ಕ ಅಂಗೈ ಇಟ್ಟೆ. "ಉಂಟು ಅಮ್ಮ."

"ಹಾಗಾದರೆ ಆಯ್ತು" ಎಂದು ಅವಳು ಚಪ್ಪಲಿ ಮೆಟ್ಟಿಕೊಂಡಳು. "ಊಟ ಆದ ಮೇಲೆ ನೀನು ಇಲ್ಲೇ ಮಲಗು."

ನಾನು ಇದುವರೆಗೆ ಅಲ್ಲಿ ಒಮ್ಮೆಯೂ ಮಲಗಿಲ್ಲ.